ಎಣ್ಣೆ ಇಳಿಯಿತು, ದರ ಇಳಿಯಲಿಲ್ಲ: ಅಕ್ಕಲಕೋಟೆಯ ಕರಿಹಲಗೆಯ ಮೇಲೊಂದು ಲೆಕ್ಕ

ನಮ್ಮ ಮಂಗಳೂರಿನಲ್ಲಿ ಮುಗಿಯುತ್ತಿದ್ದ ಒಂದು ಹೆದ್ದಾರಿ ಸೊಲ್ಲಾಪುರದಲ್ಲಿ ಹುಟ್ಟುತ್ತಿತ್ತು ಎಂಬುದು ಈಗಿನ ಮಕ್ಕಳಿಗೆ ತಿಳಿದಿರಲಾರದು. ರಾಷ್ಟ್ರೀಯ ಹೆದ್ದಾರಿ 13 ಎಂದು ಅದರ ಹೆಸರು. ಸೊಲ್ಲಾಪುರ, ವಿಜಯಪುರ, ಹೊಸಪೇಟೆ, ಚಿತ್ರದುರ್ಗ, ಶಿವಮೊಗ್ಗ, ಕಾರ್ಕಳ ದಾಟಿ ಸುಮಾರು 690 ಕಿಲೋಮೀಟರು ಓಡಿ ಬಂದು ಕಡಲ ತಡಿಯಲ್ಲಿ ನಿಲ್ಲುತ್ತಿತ್ತು. 2010 ರಲ್ಲಿ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಅದೂ ತುಂಡು ತುಂಡಾಗಿ ಬೇರೆ ಬೇರೆ ನಂಬರುಗಳಲ್ಲಿ ಹಂಚಿಹೋಯಿತು. ಆ ರಸ್ತೆಯ ಎರಡು ತುದಿಗಳಲ್ಲೂ ರಾಜ್ಯದ ಗಡಿಗೆ ಹೊರಗೆ ಉಳಿದ ಕನ್ನಡಿಗರಿದ್ದಾರೆ. ಈ ತುದಿಯಲ್ಲಿ ನಾವು, ಆ ತುದಿಯಲ್ಲಿ ಸೊಲ್ಲಾಪುರ, ಅಕ್ಕಲಕೋಟೆಯವರು. 1967 ರ ಮಹಾಜನ ವರದಿಯಲ್ಲಿ ಚಂದ್ರಗಿರಿಯ ಉತ್ತರದ ಕಾಸರಗೋಡೂ ಅಕ್ಕಲಕೋಟೆಯೂ ಒಂದೇ ಕಡತದೊಳಗೆ ಸೇರಿದ್ದವು. ಅನಂತರದ ಕಥೆಯನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ.

2025 ರ ಏಪ್ರಿಲ್ ತಿಂಗಳ ಮೊದಲ ವಾರ ನಾನು ಆ ತುದಿಗೆ ಹೋಗಿದ್ದೆ. ನಮಗೆ ಬೇಸಗೆ ರಜೆ ಆರಂಭವಾಗಿತ್ತು. ಮಹಾರಾಷ್ಟ್ರದ ಶಾಲೆಗಳು ಇನ್ನೂ ನಡೆಯುತ್ತಿದ್ದವು. ಟಿ.ಸಿ.ಎಚ್. ಓದುವಾಗ ನನ್ನ ಕೊಠಡಿಯಲ್ಲಿದ್ದ ಗೆಳೆಯ ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಮಾಸ್ತರ. ಇಪ್ಪತ್ತು ವರ್ಷಗಳಿಂದ ಕರೆಯುತ್ತಲೇ ಇದ್ದ. ವಿಜಯಪುರದ ರೈಲು ನಿಲ್ದಾಣಕ್ಕೆ ಬೈಕು ತಂದು ನನ್ನನ್ನು ಹತ್ತಿಸಿಕೊಂಡ. ಭೀಮಾ ನದಿಯ ಸೇತುವೆಗೆ ಮುಂಚೆ ಧೂಳಖೇಡ ಬರುತ್ತದೆ. ಕರ್ನಾಟಕದ ಕೊನೆಯ ಊರು. ಅಲ್ಲಿಯ ಬಂಕಿಗೆ ಬೈಕನ್ನು ತಿರುಗಿಸಿ, "ಇಲ್ಲೇ ಹಾಕ್ಸೂಣು, ಹೊಳಿ ದಾಟಿದ್ರ ತುಟ್ಟಿ" ಎಂದ.

ನನಗೆ ನಗು ಬಂತು. ನಮ್ಮ ತಲಪಾಡಿಯನ್ನು ಇಲ್ಲಿ ತಂದಿಟ್ಟ ಹಾಗಿತ್ತು! ಕೆ.ಎಲ್. 14 ರ ವಾಹನಗಳು ಗಡಿಯಾಚೆ ಸಾಲು ನಿಲ್ಲುವಂತೆ ಇಲ್ಲಿ ಎಂ.ಎಚ್. 13 ರ ವಾಹನಗಳು ನಿಂತಿದ್ದವು. ಆದರೆ ಫಲಕದ ಮೇಲಿನ ದರ ನೋಡಿದಾಗ ಗೆಳೆಯನ ಮಾತು ಪೂರ್ತಿ ನಿಜವಲ್ಲ ಎನಿಸಿತು. ಪೆಟ್ರೋಲಿನಲ್ಲಿ ಅಂತರ ಅಲ್ಪ, ಡೀಸೆಲಿನಲ್ಲಿ ಇಲ್ಲವೆನ್ನುವಷ್ಟು. ಅದೇ ಏಪ್ರಿಲ್ 1 ರಿಂದ ಕರ್ನಾಟಕ ಸರಕಾರ ಡೀಸೆಲಿನ ಮಾರಾಟ ತೆರಿಗೆಯನ್ನು ಶೇಕಡಾ 18.44 ರಿಂದ 21.17 ಕ್ಕೆ ಏರಿಸಿತ್ತು. ಲೀಟರಿಗೆ 2 ರೂಪಾಯಿ ಹೆಚ್ಚಾಗಿತ್ತು. ಬೆಂಗಳೂರಿನ ಡೀಸೆಲು ಮುಂಬಯಿಯ ಡೀಸೆಲಿಗಿಂತ ದುಬಾರಿಯಾದ ವಾರ ಅದು. ಗೆಳೆಯನಿಗೆ ಹೇಳಿದೆ. "ಹೌದೇನು? ರೂಢಿ ಬಿದ್ದೈತಿ ನೋಡಪಾ" ಎಂದು ಟ್ಯಾಂಕು ತುಂಬಿಸಿಯೇ ಹೊರಟ.

ಆ ರೂಢಿ ಬಿದ್ದದ್ದು ಎಂದು ಎಂಬುದನ್ನು ತಾರೀಖು ಹಿಡಿದು ಹೇಳಬಹುದು. 2021 ರ ನವೆಂಬರ್ 3 ರ ರಾತ್ರಿ, ದೀಪಾವಳಿಯ ಮುನ್ನಾದಿನ. ಕೇಂದ್ರ ಸರಕಾರ ಪೆಟ್ರೋಲಿನ ಅಬಕಾರಿ ಸುಂಕವನ್ನು 5 ರೂಪಾಯಿ, ಡೀಸೆಲಿನದನ್ನು 10 ರೂಪಾಯಿ ಇಳಿಸಿತು. ಕರ್ನಾಟಕ ತನ್ನ ಕಡೆಯಿಂದ ತಲಾ 7 ರೂಪಾಯಿ ಇಳಿಸಿತು. ಬೆಂಗಳೂರಿನಲ್ಲಿ ಡೀಸೆಲು 104 ರೂಪಾಯಿ 50 ಪೈಸೆಯಿಂದ ಒಮ್ಮೆಲೇ 85 ಕ್ಕೆ ಬಂತು. ಮಹಾರಾಷ್ಟ್ರ ತನ್ನ ತೆರಿಗೆಯನ್ನು ಇಳಿಸಲಿಲ್ಲ, ಕೇರಳವೂ ಇಳಿಸಲಿಲ್ಲ. ಮುಂಬಯಿಯ ಡೀಸೆಲು 94 ರಲ್ಲಿ ನಿಂತಿತು. ಹೀಗೆ ಒಂದೇ ರಾತ್ರಿಯಲ್ಲಿ ಭೀಮೆಯ ಆಚೆಗೂ ಈಚೆಗೂ ಒಂಬತ್ತು ರೂಪಾಯಿಯ ಆಸುಪಾಸಿನ ಅಂತರ ಹುಟ್ಟಿತು. ಅದೇ ರಾತ್ರಿ ನಮ್ಮ ತಲಪಾಡಿಯಲ್ಲೂ ಹುಟ್ಟಿತು. ಮಹಾರಾಷ್ಟ್ರ 2022 ರ ಜುಲೈಯಲ್ಲಿ ಪೆಟ್ರೋಲಿಗೆ 5, ಡೀಸೆಲಿಗೆ 3 ರೂಪಾಯಿ ಇಳಿಸಿತು; ಕರ್ನಾಟಕ 2024 ರ ಜೂನ್‌ನಲ್ಲಿ ಎರಡಕ್ಕೂ ಮೂರು ಮೂರು ರೂಪಾಯಿ ಏರಿಸಿತು, ಮರು ವರ್ಷ ಡೀಸೆಲಿಗೆ ಮತ್ತೆ ಎರಡು. ಅಲ್ಲಿಯ ಅಂತರ ಕರಗಿತು. ಇಲ್ಲಿಯದು ಕರಗಲಿಲ್ಲ. ಕೇರಳದಲ್ಲಿ ಪೆಟ್ರೋಲಿನ ಮೇಲೆ ಶೇಕಡಾ 30.08 ರ ಮಾರಾಟ ತೆರಿಗೆ, ಲೀಟರಿಗೆ ಒಂದು ರೂಪಾಯಿ ಹೆಚ್ಚುವರಿ, ಅದರ ಮೇಲೆ ಶೇಕಡಾ ಒಂದರ ಉಪಕರ. ಸಾಲದೆಂಬಂತೆ 2023 ರ ಏಪ್ರಿಲ್‌ನಿಂದ ಸಾಮಾಜಿಕ ಭದ್ರತೆಯ ಹೆಸರಿನಲ್ಲಿ ಲೀಟರಿಗೆ 2 ರೂಪಾಯಿ. ನಾನು ಊರು ಬಿಟ್ಟ ದಿನ ಕಾಸರಗೋಡಿಗೂ ಮಂಗಳೂರಿಗೂ ಪೆಟ್ರೋಲಿನಲ್ಲಿ ನಾಲ್ಕು ರೂಪಾಯಿಯಷ್ಟು ವ್ಯತ್ಯಾಸವಿತ್ತು.

ಗಡಿ ದಾಟಿ ತುಂಬಿಸುವುದರಲ್ಲಿ ಲಾಭವೆಷ್ಟು ಎಂದು ನಮ್ಮಲ್ಲೂ ಕೆಲವರು ಲೆಕ್ಕ ಹಾಕದೆ ಓಡುವುದುಂಟು. ಲೀಟರಿಗೆ 50 ಕಿಲೋಮೀಟರು ಓಡುವ ಬೈಕು. ಗಡಿಯ ಬಂಕು 15 ಕಿಲೋಮೀಟರು ದೂರ. ಹೋಗಿ ಬರಲು 30 ಕಿಲೋಮೀಟರು, ಅಂದರೆ ಲೀಟರಿನ ಹತ್ತರಲ್ಲಿ ಆರು ಭಾಗ, ಸುಮಾರು 60 ರೂಪಾಯಿ. 8 ಲೀಟರು ತುಂಬಿಸಿದರೆ, ನಾಲ್ಕು ರೂಪಾಯಿ ಅಂತರದಲ್ಲಿ ಉಳಿತಾಯ 32. ಹಾಗಾದರೆ 28 ರೂಪಾಯಿ ನಷ್ಟ, ಜೊತೆಗೆ ಒಂದು ಗಂಟೆ ಬಿಸಿಲು. ಒಂಬತ್ತು ರೂಪಾಯಿ ಅಂತರವಿದ್ದ ಕಾಲದಲ್ಲೂ ಗಿಟ್ಟುತ್ತಿದ್ದದ್ದು ಹನ್ನೆರಡೇ ರೂಪಾಯಿ. ಬೇರೆ ಕೆಲಸಕ್ಕೆ ಹೇಗೂ ಆಚೆ ಹೋಗುವವರಿಗೆ, ದೊಡ್ಡ ಟ್ಯಾಂಕಿನ ಲಾರಿಗಳಿಗೆ ಮಾತ್ರ ಇದು ಲಾಭದ ಬಾಬತ್ತು. ಈ ಲೆಕ್ಕವನ್ನು ಎಂಟನೆಯ ತರಗತಿಯಲ್ಲಿ ನಾನು ಪ್ರತಿ ವರ್ಷ ಮಾಡಿಸುತ್ತೇನೆ. ಮಕ್ಕಳು ಮನೆಗೆ ಹೋಗಿ ಅಪ್ಪಂದಿರಿಗೆ ಹೇಳುತ್ತಾರೆ; ಅಪ್ಪಂದಿರು ಮರುದಿನವೂ ತಲಪಾಡಿಗೆ ಹೋಗುತ್ತಾರೆ.

ಹಳ್ಳಿಯ ಹೆಸರು ಬೇಡ. ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆಂದು ಬರುವವರು, ಅಲ್ಲಿಂದ ಗಾಣಗಾಪುರಕ್ಕೆ ಹೋಗುವವರು ವಾಹನದಲ್ಲಿ ಹಾದುಹೋಗುವ ಊರುಗಳಲ್ಲಿ ಒಂದು. ಅಂಗಡಿಯ ಫಲಕ ಮರಾಠಿ, ಅಂಗಡಿಯ ಮಾತು ಕನ್ನಡ. ಮಧ್ಯಾಹ್ನ ನಲವತ್ತು ಡಿಗ್ರಿ ದಾಟುವ ಬಿಸಿಲಾದ್ದರಿಂದ ಶಾಲೆ ಬೆಳಗಿನ ಹೊತ್ತಿನಲ್ಲೇ. ಸಿದ್ಧರಾಮನ ಸೊನ್ನಲಿಗೆ ಇದೇ ಸೊಲ್ಲಾಪುರ. 1974 ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಜಯದೇವಿತಾಯಿ ಲಿಗಾಡೆಯವರೂ ಈ ನೆಲದವರು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರು. ಇದನ್ನು ಶಾಲೆಯ ಮಕ್ಕಳಿಗೆ ಹೇಳೋಣವೆಂದು ನಾನು ತಯಾರಿ ಮಾಡಿಕೊಂಡು ಹೋಗಿದ್ದೆ. ಏಳನೆಯ ತರಗತಿಗೆ ಗೆಳೆಯ ನನ್ನನ್ನು ಕರೆದೊಯ್ದು, "ಇವರು ಕಾಸರಗೋಡಿನಿಂದ ಬಂದಾರ, ಏನರ ಕೇಳ್ರಿ" ಎಂದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ಕೇಳಿದ:

"ಸರ, ಟೀವ್ಯಾಗ ಎಣ್ಣಿ ಸೋವಿ ಆಗೇತಿ ಅಂತಾರ. ನಮ್ಮ ಟಂಟಂ ಕಾಕಾ ಮುಂದಿನ ವರ್ಷ ಹೆಚ್ಚ ರೊಕ್ಕ ಕೊಡ್ರಿ ಅಂತಾನ. ಯಾಕ?"

ಸಿದ್ಧರಾಮನನ್ನು ಬದಿಗಿಟ್ಟು ಸೀಮೆಸುಣ್ಣ ಹಿಡಿಯಬೇಕಾಯಿತು.

ಹುಡುಗ ಕೇಳಿದ್ದು ಅಂದಿನ ಸುದ್ದಿ. ಏಪ್ರಿಲ್ 2 ರಂದು ಅಮೇರಿಕದ ಅಧ್ಯಕ್ಷ ಟ್ರಂಪ್ ಜಗತ್ತಿನ ಬಹುತೇಕ ದೇಶಗಳ ಸರಕಿನ ಮೇಲೆ ಸುಂಕ ಘೋಷಿಸಿದ್ದರು. ವ್ಯಾಪಾರ ಕುಗ್ಗೀತು, ಎಣ್ಣೆಯ ಬೇಡಿಕೆ ಬಿದ್ದೀತು ಎಂಬ ಭಯಕ್ಕೆ ಬ್ರೆಂಟ್ ಕಚ್ಚಾ ತೈಲ ಒಂದು ವಾರದೊಳಗೆ ಬ್ಯಾರೆಲಿಗೆ 75 ಡಾಲರಿನಿಂದ 63 ರ ಆಸುಪಾಸಿಗೆ ಕುಸಿದಿತ್ತು. ಏಪ್ರಿಲ್ 7 ರಂದು ಕೇಂದ್ರ ಸರಕಾರ ಒಂದು ಆದೇಶ ಹೊರಡಿಸಿತು: ಪೆಟ್ರೋಲು, ಡೀಸೆಲುಗಳ ಅಬಕಾರಿ ಸುಂಕ ಲೀಟರಿಗೆ ತಲಾ 2 ರೂಪಾಯಿ ಹೆಚ್ಚಳ, ಆದರೆ ಬಂಕಿನ ದರದಲ್ಲಿ ಬದಲಾವಣೆಯಿಲ್ಲ. ಅದರ ಜೊತೆಗೇ ಅಡುಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ ಏರಿತು. ಎಣ್ಣೆ ಅಗ್ಗವಾಗಿ ಉಳಿದ ಹಣ ಹುಡುಗನ ಟಂಟಂ ಕಾಕಾನವರೆಗೆ ಬರುವ ಮೊದಲೇ ದಾರಿಯಲ್ಲಿ ಇನ್ನೊಬ್ಬರ ಜೇಬಿಗೆ ಇಳಿದಿತ್ತು. ಅವನ ಮನೆಯ ಒಲೆಗೆ ಮಾತ್ರ ಏರಿಕೆ ನೇರವಾಗಿ ಬಂದಿತ್ತು.

ಮಕ್ಕಳಿಗೆ ಇದನ್ನು ಹೇಗೆ ಹೇಳುವುದು? ಮೊದಲು ಬ್ಯಾರೆಲನ್ನು ಬರೆದೆ. ಒಂದು ಬ್ಯಾರೆಲೆಂದರೆ 159 ಲೀಟರು. ಬೆಲೆ 70 ಡಾಲರು, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ. ಗುಣಿಸಿದರೆ 5,950 ರೂಪಾಯಿ. 159 ರಿಂದ ಭಾಗಿಸಿದರೆ ಲೀಟರು ಕಚ್ಚಾ ಎಣ್ಣೆಗೆ 37 ರೂಪಾಯಿ 42 ಪೈಸೆ. ಬ್ಯಾರೆಲಿಗೆ ಒಂದು ಡಾಲರು ಏರಿದರೆ ಅಥವಾ ಇಳಿದರೆ ನಮ್ಮ ಲೀಟರಿನಲ್ಲಿ ಸುಮಾರು ಅರ್ಧ ರೂಪಾಯಿಯ ವ್ಯತ್ಯಾಸ. ಹನ್ನೆರಡು ಡಾಲರು ಇಳಿದರೆ ಆರು ರೂಪಾಯಿ. ಬರಬೇಕಾದದ್ದು ಇಷ್ಟು. ಬಂದದ್ದು ಸೊನ್ನೆ.

ಇದರ ಪಕ್ಕದಲ್ಲೇ ಇನ್ನೊಂದು ಲೆಕ್ಕ ಬರೆದೆ. 2008 ರ ಜುಲೈಯಲ್ಲಿ ಕಚ್ಚಾ ತೈಲ 140 ಡಾಲರು ದಾಟಿತ್ತು. ಆಗ ಡಾಲರಿಗೆ 43 ರೂಪಾಯಿ. 140 ನ್ನು 43 ರಿಂದ ಗುಣಿಸಿ 159 ರಿಂದ ಭಾಗಿಸಿದರೆ 37 ರೂಪಾಯಿ 86 ಪೈಸೆ! ಮಕ್ಕಳೇನು, ಗೆಳೆಯನೇ ಕಣ್ಣರಳಿಸಿದ. ಡಾಲರಿನಲ್ಲಿ ಅರ್ಧಕ್ಕೆ ಇಳಿದ ಎಣ್ಣೆ ರೂಪಾಯಿಯಲ್ಲಿ ಇದ್ದಲ್ಲೇ ಇದೆ. "2008 ರಲ್ಲಿ ಎಣ್ಣೆ 140 ಡಾಲರು, ಪೆಟ್ರೋಲು 50 ರೂಪಾಯಿ, ಈಗ ಎಣ್ಣೆ 70 ಡಾಲರು, ಪೆಟ್ರೋಲು 100 ರೂಪಾಯಿ, ಇದೆಂಥ ಮೋಸ" ಎಂದು ಚಹದಂಗಡಿಯಲ್ಲಿ ವಾದಿಸುವವರು ಡಾಲರಿನ ದರವನ್ನು ಮರೆತಿರುತ್ತಾರೆ. ಆದರೆ ಅವರ ಕೋಪ ಪೂರ್ತಿ ಸುಳ್ಳೂ ಅಲ್ಲ. ಕಚ್ಚಾ ಎಣ್ಣೆ ರೂಪಾಯಿಯಲ್ಲಿ ಅಷ್ಟೇ ಇದ್ದರೆ ಬಂಕಿನ ದರ ಎರಡು ಪಟ್ಟು ಆದದ್ದೇಕೆ? ಆಗ ಸರಕಾರ ನಷ್ಟದ ಒಂದು ಭಾಗವನ್ನು ತೈಲ ಬಾಂಡುಗಳ ರೂಪದಲ್ಲಿ ಹೊತ್ತುಕೊಂಡು ದರವನ್ನು ತಗ್ಗಿಸಿ ಹಿಡಿದಿತ್ತು. ಆ ಸಾಲವನ್ನು ಮುಂದಿನವರು ತೀರಿಸಬೇಕಾಯಿತು. ಈಗ ಅದು ತಿರುಗಾಮುರುಗಾ ಆಗಿದೆ. ದರವನ್ನು ತಗ್ಗಿಸಿ ಹಿಡಿಯುವ ಬದಲು ತೆರಿಗೆಯಿಂದ ಎತ್ತಿ ಹಿಡಿಯಲಾಗುತ್ತಿದೆ.

ಎತ್ತಿ ಹಿಡಿಯುವುದೆಂದರೇನು ಎಂಬುದಕ್ಕೆ 2020 ರ ಮೇ 6 ಕ್ಕಿಂತ ಒಳ್ಳೆಯ ಪಾಠ ಸಿಗದು. ಕೊರೋನಾದಿಂದ ಲೋಕವೆಲ್ಲ ಬಾಗಿಲು ಹಾಕಿಕೊಂಡಿತ್ತು. ಅದಕ್ಕೂ ಎರಡು ವಾರ ಮುಂಚೆ, ಏಪ್ರಿಲ್ 20 ರಂದು, ಅಮೇರಿಕದ ಪೇಟೆಯಲ್ಲಿ ಕಚ್ಚಾ ತೈಲದ ದರ ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರಿಗೆ ಹೋಗಿತ್ತು. ಎಣ್ಣೆ ಇಡಲು ಜಾಗವಿಲ್ಲದೆ, ಕೊಂಡೊಯ್ಯುವವನಿಗೇ ಹಣ ಕೊಡುವ ಪರಿಸ್ಥಿತಿ. ಮೇ 6 ರಿಂದ ಕೇಂದ್ರವು ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಸುಂಕ ಏರಿಸಿತು. ಅಂದು ದೆಹಲಿಯಲ್ಲಿ ಒಂದು ಲೀಟರು ಪೆಟ್ರೋಲಿನ ಬೆಲೆ 71 ರೂಪಾಯಿ 26 ಪೈಸೆ. ಇದರಲ್ಲಿ ಎಣ್ಣೆಯ ಬೆಲೆ, ಸಾಗಾಟ ಸೇರಿ, 18 ರೂಪಾಯಿ 28 ಪೈಸೆ. ಕೇಂದ್ರದ ಸುಂಕ 32.98. ಬಂಕಿನವನ ಕಮಿಷನ್ 3.56. ದೆಹಲಿ ಸರಕಾರದ ತೆರಿಗೆ 16.44. ಕೂಡಿಸಿ ನೋಡಿ ಎಂದೆ. ಮಕ್ಕಳು ಕೂಡಿಸಿದರು. ಸರಿಯಾಗಿ 71.26 ಬಂತು. ಒಬ್ಬಳು ಹುಡುಗಿ, "ಸರ, ಹದಿನೆಂಟು ರೂಪಾಯಿ ಸಾಮಾನಿಗೆ ನಲವತ್ತೊಂಬತ್ತು ರೂಪಾಯಿ ಕರ ಏನ್ರಿ?" ಎಂದಳು. ಲೆಕ್ಕದಲ್ಲಿ ನಲವತ್ತೆರಡು ಪೈಸೆ ಬಿಟ್ಟಿದ್ದಳು, ಅಷ್ಟೆ.

ಹಾಗೆಂದು ತೆರಿಗೆಯೆಲ್ಲ ಅನ್ಯಾಯವೆಂದು ಮಾಸ್ತರನಾದವನು ಹೇಳಲಾರ. ಆ ಶಾಲೆಯ ಗೋಡೆ, ನನ್ನ ಸಂಬಳ, ಊರಿಗೆ ಬರುವ ರಸ್ತೆ ಎಲ್ಲವೂ ತೆರಿಗೆಯ ಹಣವೇ. ಬೇಸರ ತರುವುದು ಅದರ ನಡೆ. ಬೆಲೆ ಏರುವಾಗ ಲೋಕದ ಪೇಟೆಯ ಕಡೆ ಬೆರಳು ತೋರಿಸುವುದು, ಇಳಿಯುವಾಗ ಸದ್ದಿಲ್ಲದೆ ಸುಂಕ ಏರಿಸುವುದು. 2014 ರ ನವೆಂಬರಿನಿಂದ 2016 ರ ಜನವರಿಯವರೆಗೆ, ಎಣ್ಣೆ ಇಳಿಯುತ್ತ ಹೋದಂತೆ, ಒಂಬತ್ತು ಸಲ ಸುಂಕ ಏರಿತು. ಪೆಟ್ರೋಲಿನದು 9.48 ರಿಂದ 21.48 ಕ್ಕೆ, ಡೀಸೆಲಿನದು 3.56 ರಿಂದ 17.33 ಕ್ಕೆ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಈ ಸುಂಕದ ಬಹುಭಾಗ ಉಪಕರ ಮತ್ತು ವಿಶೇಷ ಸುಂಕದ ಹೆಸರಿನಲ್ಲಿರುವುದರಿಂದ ರಾಜ್ಯಗಳಿಗೆ ಅದರಲ್ಲಿ ಪಾಲಿಲ್ಲ. 2021 ರಿಂದ ಪೆಟ್ರೋಲಿನಲ್ಲಿ ಪಾಲು ಹಂಚುವ ಮೂಲ ಸುಂಕ 1 ರೂಪಾಯಿ 40 ಪೈಸೆ ಮಾತ್ರ. ಪಾಲು ಸಿಗದ ರಾಜ್ಯಗಳು ತಮ್ಮ ಮಾರಾಟ ತೆರಿಗೆಗೆ ಜೋತುಬೀಳುತ್ತವೆ. ಅದು ಶೇಕಡಾ ಲೆಕ್ಕದ್ದಾದ್ದರಿಂದ ಎಣ್ಣೆ ಏರಿದಾಗ ಏನೂ ಮಾಡದೆಯೇ ಅವುಗಳ ವರಮಾನ ಏರುತ್ತದೆ. 2017 ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಪೆಟ್ರೋಲು, ಡೀಸೆಲುಗಳನ್ನು ಅದರ ಹೊರಗೇ ಇಟ್ಟದ್ದು ಕೇಂದ್ರಕ್ಕೂ ರಾಜ್ಯಗಳಿಗೂ ಹಿತವಾಗಿತ್ತು. ಗಡಿಯಲ್ಲಿ ವಾಸಿಸುವ ನಮ್ಮಂಥವರಿಗೆ ಮಾತ್ರ ಒಂದೇ ದೇಶದ ಎಣ್ಣೆ ಸೇತುವೆಯ ಆಚೆಗೊಂದು ಬೆಲೆ, ಈಚೆಗೊಂದು ಬೆಲೆ.

ಕಾಗದದ ಮೇಲೆ ದರಕ್ಕೆ ಸರಕಾರದ ಹಿಡಿತವಿಲ್ಲ. ಪೆಟ್ರೋಲಿನ ದರ 2010 ರ ಜೂನ್‌ನಲ್ಲಿ, ಡೀಸೆಲಿನದು 2014 ರ ಅಕ್ಟೋಬರ್‌ನಲ್ಲಿ ಕಂಪೆನಿಗಳ ಕೈಗೆ ಹೋಯಿತು. 2017 ರ ಜೂನ್ 16 ರಿಂದ ದಿನ ದಿನವೂ ಬೆಳಿಗ್ಗೆ ಆರಕ್ಕೆ ದರ ಬದಲಾಗತಕ್ಕದ್ದು. ಆದರೆ 2021 ರ ನವೆಂಬರ್ 4 ರಿಂದ 2022 ರ ಮಾರ್ಚ್ 22 ರವರೆಗೆ, ಉತ್ತರ ಪ್ರದೇಶವೂ ಸೇರಿ ಐದು ರಾಜ್ಯಗಳ ಚುನಾವಣೆ ಮುಗಿಯುವ ತನಕ, ಕಂಪೆನಿಗಳು ದರ ಮುಟ್ಟಲಿಲ್ಲ. ಆ ನಡುವೆ ರಷ್ಯವು ಯುಕ್ರೇನಿನ ಮೇಲೆ ದಾಳಿ ಮಾಡಿ ಎಣ್ಣೆ 130 ಡಾಲರು ದಾಟಿತ್ತು. ಅನಂತರ ಎರಡು ವಾರ ಹೆಚ್ಚುಕಡಿಮೆ ದಿನಾ ಏರಿಸಿ 2022 ರ ಏಪ್ರಿಲ್‌ನಲ್ಲಿ ಮತ್ತೆ ಕೈಕಟ್ಟಿ ಕುಳಿತವು. ಆ ಮೇ ತಿಂಗಳಲ್ಲಿ ಕೇಂದ್ರ ಸುಂಕ ಇಳಿಸಿದ್ದನ್ನು ಬಿಟ್ಟರೆ 2024 ರ ಮಾರ್ಚ್‌ವರೆಗೆ ಬಂಕಿನಲ್ಲಿ ಕಂಪೆನಿಗಳಿಂದ ಚಲನೆಯಿಲ್ಲ. ಲೋಕಸಭೆ ಚುನಾವಣೆಯ ಹೊಸ್ತಿಲಲ್ಲಿ 2 ರೂಪಾಯಿ ಇಳಿಯಿತು. ಮೂರು ಸರಕಾರಿ ಕಂಪೆನಿಗಳು 2022 ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಟ್ಟು 21 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ನಷ್ಟ ಅನುಭವಿಸಿದ್ದು ನಿಜ; 2023-24 ರಲ್ಲಿ ಅವೇ ಮೂರೂ ಸೇರಿ ಸುಮಾರು 81 ಸಾವಿರ ಕೋಟಿ ಲಾಭ ಮಾಡಿದ್ದೂ ನಿಜ.

ಸಂಜೆ ಟಂಟಂ ಕಾಕಾನನ್ನೇ ಕಂಡೆವು. ಐವತ್ತು ದಾಟಿದ ಮನುಷ್ಯ, ಬಹಳ ಮರ್ಯಾದಸ್ಥ. ಕಟ್ಟೆಯ ಮೇಲೆ ಕೂರಿಸಿ ಚಹ ತರಿಸಿದ. ಊರಿನಿಂದ ಆರು ಕಿಲೋಮೀಟರು ದೂರದ ಹೊಲಗಳ ನಡುವಿನ ವಸ್ತಿಯಿಂದ ಹತ್ತು ಮಕ್ಕಳನ್ನು ಶಾಲೆಗೆ ತರುತ್ತಾನೆ. (ಟಂಟಂನಲ್ಲಿ ಹತ್ತು ಮಕ್ಕಳು ಕೂರಬಹುದೇ ಎಂಬ ಕಾನೂನಿನ ಲೆಕ್ಕ ಬೇರೆ.) ಹತ್ತರಲ್ಲಿ ಐವರು ಕನ್ನಡ ಶಾಲೆಯ ಚಿಕ್ಕ ತರಗತಿಯವರು. ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶಾಲೆಯ ಪಾಸು ಉಚಿತ, 2023 ರಿಂದ ಹೆಂಗಸರಿಗೆ ಅರ್ಧ ಟಿಕೆಟು. ಆದರೆ ವಸ್ತಿಗೆ ಎಸ್.ಟಿ. ಬರುವುದಿಲ್ಲ. ಬರದ ಬಸ್ಸಿನ ಉಚಿತ ಪಾಸು ಕೊಟ್ಟು ಏನು ಮಾಡುವುದು?

ಕಾಕಾನ ಲೆಕ್ಕವನ್ನೂ ಬರೆದು ನೋಡಿದೆವು. ಬೆಳಿಗ್ಗೆ ಹೋಗಿ ಬರುವುದು 12, ಸಂಜೆ 12, ದಿನಕ್ಕೆ 24 ಕಿಲೋಮೀಟರು. ಒಂದು ಲೀಟರು ಡೀಸೆಲು. ತಿಂಗಳಿಗೆ 25 ದಿನ, 25 ಲೀಟರು. 2021 ರ ಜನವರಿಯಿಂದ ನವೆಂಬರಿನೊಳಗೆ ಮುಂಬಯಿಯಲ್ಲಿ ಡೀಸೆಲು 80 ರಿಂದ 106 ಕ್ಕೆ ಏರಿತು. ಇಲ್ಲೂ ಹೆಚ್ಚುಕಡಿಮೆ ಅಷ್ಟೇ ಏರಿಕೆ. 26 ರೂಪಾಯಿಯಂತೆ 25 ಲೀಟರಿಗೆ 650 ರೂಪಾಯಿ. ಹತ್ತು ಮಕ್ಕಳಿಗೆ ಹಂಚಿದರೆ ತಲಾ 65. ಕಾಕಾ ಏರಿಸಿದ್ದು 100. ಅದೇ ಸಮಯಕ್ಕೆ ಎಸ್.ಟಿ. ನೌಕರರ ಮುಷ್ಕರ ತಿಂಗಳುಗಟ್ಟಲೆ ನಡೆದು, ಹಳ್ಳಿಗರಿಗೆ ವಡಾಪ ಗಾಡಿ, ಟಂಟಂ ಬಿಟ್ಟರೆ ಗತಿಯಿರಲಿಲ್ಲ, ಕೇಳಿದಷ್ಟು ಕೊಟ್ಟರು. ನವೆಂಬರಿನಲ್ಲಿ ಡೀಸೆಲು 12 ರೂಪಾಯಿ ಇಳಿಯಿತು. ತಲಾ 30 ರೂಪಾಯಿ ಹಿಂದಕ್ಕೆ ಬರಬೇಕಿತ್ತು, ಬರಲಿಲ್ಲ.

ನಾನು ಮೆಲ್ಲಗೆ ಕೇಳಿದೆ. ಕಾಕಾ ಕೋಪಿಸಿಕೊಳ್ಳಲಿಲ್ಲ.

"ಖರೇ ಐತ್ರಿ ಮಾಸ್ತರ. ಆದ್ರ ಆ ಮುಂದ ವಿಮಾ ಏರ್ತು, ಟೈರ ಏರ್ತು, ಪಾಸಿಂಗ್ ಖರ್ಚು ಏರ್ತು. ಅವು ಯಾವೂ ಇಳೀಲಿಲ್ಲ. ಡೀಸೆಲ್ ಒಂದ ಇಳದರ ನಾ ಹ್ಯಾಂಗ ಇಳಸ್ಲಿ? ಈಗ ಎಣ್ಣಿ ಸೋವಿ ಆಗೇತಿ ಅಂತೀರಿ. ನನಗೇನ ಸೋವಿ ಸಿಕ್ಕೈತೇನ್ರಿ?"

ಕಾಕಾನಿಗೆ ನಾನು ಉತ್ತರ ಕೊಡಲಿಲ್ಲ. ದರವೆಂಬ ಬೆಕ್ಕು ಮರ ಹತ್ತುವಾಗ ಸರ್ರನೆ ಹತ್ತುತ್ತದೆ, ಇಳಿಯುವಾಗ ಕೊಂಬೆ ಕೊಂಬೆಗೆ ಕೂತು ಕೂಗುತ್ತದೆ. ಸರಕಾರಗಳ ಬಸ್ಸುಗಳೂ ಇದೇ ಬೆಕ್ಕಿನ ಜಾತಿ. ಎಸ್.ಟಿ. ದರ 2021 ರ ಅಕ್ಟೋಬರ್‌ನಲ್ಲಿ ಶೇಕಡಾ 17 ರಷ್ಟು, 2025 ರ ಜನವರಿಯಲ್ಲಿ ಶೇಕಡಾ 14.95 ರಷ್ಟು ಏರಿತು. ಕರ್ನಾಟಕದಲ್ಲಿ ಅದೇ ಜನವರಿಯಲ್ಲಿ ಶೇಕಡಾ 15. ನಮ್ಮ ಕೇರಳದಲ್ಲಿ 2022 ರ ಮೇ 1 ರಿಂದ ಕನಿಷ್ಠ ದರ 8 ರೂಪಾಯಿಯಿಂದ 10 ಕ್ಕೆ ಹೋಯಿತು. ಡೀಸೆಲು ಇಳಿಯಿತೆಂದು ಬಸ್ಸಿನ ದರ ಇಳಿದದ್ದನ್ನು ಈ ಮೂರೂ ರಾಜ್ಯಗಳಲ್ಲಿ ಓಡಾಡುವ ನಾನು ಕಂಡಿಲ್ಲ.

ತಿಂಗಳಿಗೆ ನೂರು ರೂಪಾಯಿ ಯಾವ ಮಹಾ ಎನ್ನುವವರಿದ್ದಾರೆ. ವಸ್ತಿಯಲ್ಲಿ ಒಂದು ಮನೆಯಿಂದ ಎರಡು, ಮೂರು ಮಕ್ಕಳು ಹೋಗುತ್ತಾರೆ. ಅಪ್ಪ ಕಬ್ಬು ಕಡಿಯುವವನೋ ಈರುಳ್ಳಿ ಬೆಳೆಯುವವನೋ ಆಗಿರುತ್ತಾನೆ. ಈರುಳ್ಳಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಸೊಲ್ಲಾಪುರದ ಈರುಳ್ಳಿ ಪೇಟೆ ಬಹಳ ದೊಡ್ಡದು. ವಿಜಯಪುರ, ಕಲಬುರಗಿ ಜಿಲ್ಲೆಗಳಿಂದಲೂ ಅಲ್ಲಿಗೆ ಲಾರಿ ಬರುತ್ತವೆ. 2023 ರ ಫೆಬ್ರವರಿಯಲ್ಲಿ ಆ ಜಿಲ್ಲೆಯ ರೈತರೊಬ್ಬರು 512 ಕಿಲೋ ಈರುಳ್ಳಿ ತಂದು ಮಾರಿದರು. ಸಿಕ್ಕಿದ ದರ ಕಿಲೋಗೆ ಒಂದು ರೂಪಾಯಿ. ಸಾಗಾಟ, ಹಮಾಲಿ, ತೂಕದ ಖರ್ಚು ಕಳೆದು ಉಳಿದದ್ದು 2 ರೂಪಾಯಿ 49 ಪೈಸೆ, ಚೆಕ್ಕಿನಲ್ಲಿ ಬಂದದ್ದು 2 ರೂಪಾಯಿ ಮಾತ್ರ. ದೇಶದ ಪತ್ರಿಕೆಗಳಲ್ಲೆಲ್ಲ ಆ ಚೆಕ್ಕಿನ ಸುದ್ದಿ ಬಂದಿತ್ತು. ದೋಷ ಡೀಸೆಲಿನದಲ್ಲ, ಈರುಳ್ಳಿಯ ಬೆಲೆ ಬಿದ್ದದ್ದು ಎನ್ನಬಹುದು. ಸರಿ. ಆದರೆ ಈರುಳ್ಳಿ ಬಿದ್ದರೂ ಲಾರಿಯ ಬಾಡಿಗೆ ಬೀಳುವುದಿಲ್ಲ. ಅಂಥ ವರ್ಷ ಆ ಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಯಾವುದಕ್ಕೆ ಎಂದು ಊಹಿಸಿಕೊಳ್ಳಿ.

ಗೆಳೆಯನಿಗೆ ನಿದ್ದೆಗೆಡಿಸುವ ಚಿಂತೆ ಇದೇ. ವಸ್ತಿಯಿಂದ ಕಾಲ್ನಡಿಗೆಯ ದೂರದಲ್ಲಿ ಮರಾಠಿ ಶಾಲೆ ಇದೆ. ಟಂಟಂ ಖರ್ಚಿಲ್ಲ. ಮನೆಯಲ್ಲಿ ಕನ್ನಡ ಮಾತಾಡುವ ಮಗು ಅಲ್ಲಿಗೆ ಸೇರಿದರೆ ಯಾರನ್ನೂ ದೂರುವಂತಿಲ್ಲ. ಆದರೆ ಪ್ರತಿ ವರ್ಷ ಸಂಚ ಮಾನ್ಯತೆ ಎಂಬ ಲೆಕ್ಕ ಬರುತ್ತದೆ. ಮಕ್ಕಳ ತಲೆ ಎಣಿಸಿ ಮಾಸ್ತರರ ಹುದ್ದೆ ನಿರ್ಧರಿಸುವ ಲೆಕ್ಕ. ಐದು ಮಕ್ಕಳು ಹೋದರೆ ಒಂದು ಹುದ್ದೆ ಅಲುಗಾಡುತ್ತದೆ. ಹುದ್ದೆ ಹೋದರೆ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಬೇಕು. ಹಾಗೆ ಕೂರಿಸಿದ ಶಾಲೆಯಿಂದ ಮುಂದಿನ ವರ್ಷ ಇನ್ನೂ ಹತ್ತು ಮಕ್ಕಳು ಹೋಗುತ್ತಾರೆ. ಡಿವಿಜನ್ ಫಾಲ್ ಎಂಬ ಮಾತು ಕೇಳಿದರೇ ಬೆವರುವ ನಮ್ಮ ಕಾಸರಗೋಡಿನ ಕನ್ನಡ ಮಾಸ್ತರರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಜೂನ್ ತಿಂಗಳ ಆರನೆಯ ಕೆಲಸದ ದಿನದ ತಲೆ ಎಣಿಕೆಗೆ ಮುಂಚೆ ಶಾಲಾ ಬಸ್ಸಿನ ಖರ್ಚಿಗೆ ಕೈಯಿಂದ ಹಣ ಹಾಕುವವರು ನಮ್ಮಲ್ಲೂ ಇದ್ದಾರೆ.

ನಮಗೂ ಅವರಿಗೂ ಇರುವ ಒಂದು ವ್ಯತ್ಯಾಸವನ್ನೂ ಹೇಳಬೇಕು. ಎಣ್ಣೆ ಏರಿದರೆ ಅಕ್ಕಲಕೋಟೆಗೆ ಬರೀ ನಷ್ಟ. ಕಾಸರಗೋಡಿಗೆ ಹಾಗಲ್ಲ, ಗಲ್ಫಿನಿಂದ ಬರುವ ಹಣ ಎಣ್ಣೆಯ ಬೆನ್ನ ಮೇಲೆ ಕೂತು ಬರುತ್ತದೆ. ಎಣ್ಣೆ ಏರಿದಾಗ ಬಂಕಿನಲ್ಲಿ ಕಳೆದುಕೊಂಡದ್ದನ್ನು ಕೆಲವು ಮನೆಗಳು ದುಬಾಯಿಯ ಡ್ರಾಫ್ಟಿನಲ್ಲಿ ಪಡೆಯುತ್ತವೆ. 2014 ರ ಜೂನ್‌ನ 115 ಡಾಲರಿನಿಂದ 2016 ರ ಜನವರಿಯಲ್ಲಿ 30 ಕ್ಕಿಂತ ಕೆಳಗೆ ಬಿದ್ದಾಗ ಅಲ್ಲಿ ಕಟ್ಟಡಗಳ ಕೆಲಸ ನಿಂತು ಎಷ್ಟೋ ಮಂದಿ ಮರಳಿದರು. ಇಲ್ಲಿ ಸುಂಕ ಏರಿದ್ದರಿಂದ ಇಳಿಕೆಯ ಲಾಭವೂ ಪೂರ್ತಿ ಸಿಗಲಿಲ್ಲ. 1990 ರಲ್ಲಿ ಇರಾಕ್ ಕುವೈತನ್ನು ನುಂಗಿದಾಗಲಂತೂ ಎರಡು ಪೆಟ್ಟೂ ಒಟ್ಟಿಗೆ ಬಿದ್ದವು. ಉಟ್ಟ ಬಟ್ಟೆಯಲ್ಲಿ ಮರಳಿದ ನೆರೆಮನೆಯವರನ್ನೂ ಚಿಮಿಣಿ ಎಣ್ಣೆಯ ಸಾಲನ್ನೂ ಚಿಕ್ಕವನಾಗಿದ್ದಾಗ ಕಂಡದ್ದು ನೆನಪಿದೆ. ಗೆಳೆಯನಿಗೆ ಇದು ಹೊಸ ಸಂಗತಿ. "ಹಂಗಾರ ನಿಮ್ಮೂರಾಗ ಎಣ್ಣಿ ಏರ್ಲಿ ಅಂತ ಬೇಡ್ಕೊಳ್ಳೋ ಮಂದೀನೂ ಇದ್ದಾರಂದಂಗಾತು" ಎಂದ. ಇದ್ದಾರೆ.

ಹಿಂತಿರುಗುವಾಗ ಸೊಲ್ಲಾಪುರದ ಹತ್ತಿರ ಪಾಕಣಿಯ ಎಣ್ಣೆ ಡಿಪೋಗಳನ್ನು ಗೆಳೆಯ ದೂರದಿಂದ ತೋರಿಸಿದ. ಮುಂಬಯಿಯಿಂದ ಪುಣೆಯ ಮಾರ್ಗವಾಗಿ ಕೊಳವೆಯಲ್ಲಿ ಅಲ್ಲಿಗೆ ಎಣ್ಣೆ ಬರುತ್ತದೆ. ನಮಗೆ ಮಂಗಳೂರಿನ ಎಂ.ಆರ್.ಪಿ.ಎಲ್. ಕೂಗಳತೆಯಲ್ಲಿದೆ, ಪೆರ್ಮುದೆಯ ಬಂಡೆಯೊಳಗಿನ ಗುಹೆಗಳಲ್ಲಿ ದೇಶದ ತುರ್ತು ಸಂಗ್ರಹದ 15 ಲಕ್ಷ ಟನ್ನು ಕಚ್ಚಾ ತೈಲ ಹಿಡಿಯುವಷ್ಟು ಜಾಗವಿದೆ. ಆದರೂ ಎಣ್ಣೆ ಕಾಯಿಸುವ ಊರಿನ ಪಕ್ಕದಲ್ಲಿದ್ದು ನಾವು ಕೊಡುವ ಬೆಲೆ ಅಲ್ಲಿಂದ ಏಳುನೂರು ಕಿಲೋಮೀಟರು ದೂರದವರು ಕೊಡುವ ಬೆಲೆಗಿಂತ ಕಡಿಮೆಯಲ್ಲ. ಸಾಗಾಟದ ವೆಚ್ಚ ಲೀಟರಿನಲ್ಲಿ ಪೈಸೆಗಳ ಲೆಕ್ಕ. ತೆರಿಗೆ ರೂಪಾಯಿಗಳ ಲೆಕ್ಕ.

ಜೂನ್ ಹದಿನಾರರಂದು ಮಹಾರಾಷ್ಟ್ರದಲ್ಲಿ ಶಾಲೆ ತೆರೆಯಿತು. ಅದೇ ದಿನಗಳಲ್ಲಿ ಇಸ್ರೇಲು, ಇರಾನುಗಳ ಯುದ್ಧ ನಡೆದು ಕಚ್ಚಾ ತೈಲ 70 ರಿಂದ 80 ಡಾಲರಿನ ಹತ್ತಿರಕ್ಕೆ ಜಿಗಿದು, ಹನ್ನೆರಡೇ ದಿನಗಳಲ್ಲಿ ಮತ್ತೆ 67 ಕ್ಕೆ ಬಂತು. ಬಂಕಿನ ದರ ಅತ್ತಲೂ ಅಲುಗಲಿಲ್ಲ, ಇತ್ತಲೂ ಅಲುಗಲಿಲ್ಲ. ತಿಂಗಳ ಕೊನೆಯಲ್ಲಿ ಗೆಳೆಯನ ಫೋನು ಬಂತು. ಕಾಕಾ ಐವತ್ತು ರೂಪಾಯಿ ಏರಿಸಿದ್ದಾನೆ. ವಸ್ತಿಯ ಐದು ಮಕ್ಕಳಲ್ಲಿ ಮೂವರು ಬಂದಿದ್ದಾರೆ. ಒಂದೇ ಮನೆಯ ಇಬ್ಬರು ಮರಾಠಿ ಶಾಲೆಗೆ ಸೇರಿದ್ದಾರೆ. ಅವರ ತಾಯಿಯನ್ನು ಹೋಗಿ ಕಂಡನಂತೆ. ಬೆಳಿಗ್ಗೆ ಬೈಕಿನಲ್ಲಿ ತಾನೇ ಕರೆತಂದು ಸಂಜೆ ಬಿಡುವುದಾಗಿ ಹೇಳಿದನಂತೆ. ಆಕೆ ನೋಡೋಣ ಎಂದಿದ್ದಾಳೆ.

"ದಿನಾ ಹನ್ನೆರಡು, ಹನ್ನೆರಡು, ಇಪ್ಪತ್ನಾಲ್ಕು ಕಿಲೋಮೀಟರು. ನನ್ನ ಬೈಕಿಗೆ ಅರ್ಧ ಲೀಟರು" ಎಂದ. ಸ್ವಲ್ಪ ಸುಮ್ಮನಿದ್ದು, "ತಿಂಗಳಿಗೆ ಎಷ್ಟಾತು, ನೀನ ಲೆಕ್ಕ ಹಾಕಿ ಹೇಳು" ಎಂದ.

ಹನ್ನೆರಡು ಲೀಟರಿಗೆ ಸ್ವಲ್ಪ ಮಿಕ್ಕಿ. ಸಾವಿರದ ಮುನ್ನೂರು ರೂಪಾಯಿ ಎಂದೆ.

"ಆಗ್ಲಿ ಬಿಡು" ಎಂದ.